ಜಗಳವಿಲ್ಲದ ಓಣಿ

ಅಣ್ಣಿಗೇರಿಯ ಜಿನ್ನಿನ ಓಣಿಯಲ್ಲಿ ಹೊತ್ತು ಮುಳುಗುವಾಗ ಒಂದೇ ಒಂದು ಸದ್ದು ಕೇಳುತ್ತದೆ. ಅದು ಮಲ್ಲಮ್ಮ ಬೀಗ ಜಗ್ಗಿ ನೋಡುವ ಸದ್ದು. ಕೀಲಿಕೈಗಳ ಗೊಂಚಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಓಣಿಯ ಆ ತುದಿಯಿಂದ ಈ ತುದಿಯವರೆಗೆ ಒಂದೊಂದೇ ಬಾಗಿಲ ಮುಂದೆ ನಿಂತು, ಬೀಗ ಹಿಡಿದು ಜಗ್ಗಿ, 'ಹೂಂ' ಎಂದು ಮುಂದೆ ಹೋಗುತ್ತಾಳೆ. ಹಿಂದಿನ ಗೋಡೆ ಕುಸಿದು, ಪಡಸಾಲೆಯಲ್ಲಿ ಹಂದಿ ಮರಿ ಹಾಕಿರುವ ಮನೆಯ ಬೀಗವನ್ನೂ ಜಗ್ಗುತ್ತಾಳೆ. ಮಣ್ಣಿನ ಮಾಳಿಗೆ ಪೂರಾ ಬಿದ್ದು, ಒಳಗೆ ಜಾಲಿ ಬೆಳೆದು, ಅದರ ಟೊಂಗೆ ಕಿಟಕಿಯಿಂದ ಹೊರಗೆ ಚಾಚಿರುವ ಮನೆಯ ಬೀಗವನ್ನಂತೂ ಇನ್ನೂ ಜೋರಾಗಿ ಜಗ್ಗುತ್ತಾಳೆ. ಅಲ್ಲಿ ಕದಿಯಲು ಬಂದ ಕಳ್ಳನಿಗೆ ಸಿಗುವುದು ಮುಳ್ಳು ಮಾತ್ರ. ಆದರೂ ಬೀಗ ಭದ್ರವಾಗಿರಬೇಕು, ಅದು ಆಕೆಯ ಹಟ.

ಓಣಿಯ ತುದಿಯಲ್ಲಿ ಹತ್ತಿ ಬೀಜ ಬಿಡಿಸುವ ಜಿನ್ನು ಇದ್ದಾಗ ಇಲ್ಲಿ ಮನುಷ್ಯರಿದ್ದರು. ಮಲ್ಲಮ್ಮನ ತೀರಿಹೋದ ಗಂಡ ಅಲ್ಲೇ ತೂಕ ಹಿಡಿಯುತ್ತಿದ್ದ. ಕಾರ್ತೀಕ ಮುಗಿಯಿತೆಂದರೆ ಹತ್ತಿ ಗಾಡಿಗಳು ಸಾಲುಗಟ್ಟಿ ನಿಲ್ಲುತ್ತಿದ್ದವು, ಗಾಳಿಯಲ್ಲಿ ಹಾರುವ ಅರಳೆ ಹೆಂಗಸರ ತಲೆಗೂದಲಿಗೂ ಒಲೆಯ ಮೇಲಿನ ಸಾರಿಗೂ ಬಂದು ಕೂಡುತ್ತಿತ್ತು. ಜಿನ್ನು ನಿಂತಿತು. ದಲಾಲರು ಹೋದರು, ಅವರ ಹಿಂದೆ ಗುಮಾಸ್ತರು ಹೋದರು, ಆಮೇಲೆ ಹೋಗಲು ಕಾರಣವೇ ಇಲ್ಲದವರೂ ಎಲ್ಲರೂ ಹೋದರಲ್ಲ ಎಂದು ಹೋದರು. ಕೆಲವರು ಹುಬ್ಬಳ್ಳಿಗೆ, ಕೆಲವರು ಗದಗಿಗೆ. ಹಲವರು ಅಷ್ಟು ದೂರವೂ ಹೋಗಲಿಲ್ಲ, ಇದೇ ಊರಿನ ಹೊರಗೆ ಹೈವೇ ಬದಿಯ ಹೊಲದಲ್ಲಿ ಪ್ಲಾಟು ಹಿಡಿದು, ಗುಲಾಬಿ ಬಣ್ಣ ಬಳಿದ ಡಬ್ಬಿಯಂಥ ಮನೆ ಕಟ್ಟಿಕೊಂಡು, ಅದಕ್ಕೆ ಯಾವುದೋ 'ನಿಲಯ' ಎಂದು ಹೆಸರಿಟ್ಟುಕೊಂಡರು.

ಹೋಗುವಾಗ ಎಲ್ಲರೂ ಕೀಲಿಕೈಯನ್ನು ಮಲ್ಲಮ್ಮನ ಕೈಗೆ ಕೊಟ್ಟು ಹೋದರು. ಆಕೆ ಕಟ್ಟೆಯ ಮೇಲೆ ನಿಂತು, ಅಂಗೈ ಚಾಚಿ, ಕೀಲಿಕೈ ತೆಗೆದುಕೊಂಡು ಒಂದೇ ಮಾತು ಹೇಳುತ್ತಿದ್ದಳು.

"ಹೋಗ್ರಿ, ಹೋಗ್ರಿ."

ಒಬ್ಬರಿಗಾದರೂ 'ಇರಿ' ಎನ್ನಲಿಲ್ಲ. ಎದುರುಮನೆಯ ಹೆಂಗಸು ಗಾಡಿ ಹತ್ತುವ ಮುಂಚೆ ಅತ್ತು ಕರೆದು ಮೂರು ಸಲ ತಿರುಗಿ ನೋಡಿದ್ದಳು. ಅದು 'ಇರು' ಅನ್ನಿಸಿಕೊಳ್ಳಲು ಕಾದ ನೋಟವೆಂದು ಮಲ್ಲಮ್ಮನಿಗೆ ಗೊತ್ತಾಗಿತ್ತು. ಗೊತ್ತಾಗಿಯೇ ಸೆರಗು ಕೊಡವಿ ಒಳಗೆ ಹೋಗಿದ್ದಳು. ಓಡಿ ಹೋಗುವವರನ್ನು ಕೈಹಿಡಿದು ನಿಲ್ಲಿಸುವ ಗರಜು ತನಗಿಲ್ಲ ಎಂಬುದು ಆಕೆಯ ಬಿಗುಮಾನ.

ಬಿಟ್ಟುಹೋದವರ ಬಗ್ಗೆ ಆಕೆಗಿದ್ದ ತಿರಸ್ಕಾರಕ್ಕೆ ಲೆಕ್ಕವಿರಲಿಲ್ಲ. ಬಾಜೂಮನೆಯ ಏಕನಾಥ ಹುಬ್ಬಳ್ಳಿಯಲ್ಲಿ ಅಪಾರ್ಟ್‌ಮೆಂಟು ಹಿಡಿದಿದ್ದನಲ್ಲ, ಅವನಿಗೆ 'ಲಿಫ್ಟಿನ ಏಕನಾಥ' ಎಂದು ಹೆಸರಿಟ್ಟಿದ್ದಳು. ಇವರೆಲ್ಲ ದೀಪಾವಳಿಗೆ ಕಾರು ಮಾಡಿಕೊಂಡು ಬರುತ್ತಾರೆ. ಬಂದು ತಮ್ಮ ಮನೆಯ ಬಾಗಿಲಿಗೆ ಬೆನ್ನು ಕೊಟ್ಟು, ಹಲ್ಲು ಕಾಣುವಂತೆ ನಿಂತು, ಫೋಟೋ ತೆಗೆಸಿಕೊಳ್ಳುತ್ತಾರೆ. ಬೀಗ ತೆಗೆ ಎಂದು ಒಬ್ಬರೂ ಹೇಳುವುದಿಲ್ಲ. ತೆಗೆದರೆ ಒಳಗೆ ಹೋಗಬೇಕಾಗುತ್ತದೆ, ಹೋದರೆ ಕಸ ಹೊಡೆಯಬೇಕಾಗುತ್ತದೆ. "ಎಂಥಾ ಮನಿ ಇತ್ತಲ್ಲ ನಮ್ದು" ಎಂದು ಕಣ್ಣೊರೆಸಿಕೊಂಡು ಕಾರು ಹತ್ತುತ್ತಾರೆ. ಇಂಥವರ ಕಣ್ಣೀರಿಗೆ ಮಲ್ಲಮ್ಮ ಮೂಗು ಮುರಿದದ್ದರಲ್ಲಿ ತಪ್ಪೇನೂ ಇಲ್ಲ.

ಆದರೆ ಒಂದು ಮಾತು ಹೇಳಬೇಕು. ಓಣಿ ಇಷ್ಟು ಪೂರ್ತಿಯಾಗಿ ಸಾಯಬೇಕಾಗಿರಲಿಲ್ಲ. ಎರಡು ವರ್ಷದ ಹಿಂದೆ ಏಕನಾಥ ಫೋನು ಮಾಡಿ, "ವೈನಿ, ಮನಿ ಹಂಗ ಬಿಟ್ರ ಬೀಳತೈತಿ. ಯಾರರೆ ಒಲಿ ಹಚ್ಚವ್ರಿದ್ರ ಕೊಡ್ರಿ, ಬಾಡಗಿ ಏನೂ ಬ್ಯಾಡ, ನೆಲಾ ಸಾರಿಸಿಕೊಂಡಿದ್ರ ಸಾಕು" ಎಂದಿದ್ದ. ಇನ್ನೂ ಒಂದಿಬ್ಬರು ಹಾಗೇ ಹೇಳಿದ್ದರು. ಕೇಳಿಕೊಂಡು ಬಂದವರೂ ಇದ್ದರು. ಮಲ್ಲಮ್ಮ ಎಲ್ಲರನ್ನೂ ಕಟ್ಟೆಯ ಕೆಳಗೇ ನಿಲ್ಲಿಸಿ ಮೇಲಿಂದ ಕೆಳಗೆ ನೋಡಿ ಕಳಿಸಿದಳು. ಒಬ್ಬ ಬೀಡಿ ಸೇದುತ್ತಾನೆ, ಇನ್ನೊಬ್ಬಳ ಮಕ್ಕಳ ಮೂಗು ಸೋರುತ್ತದೆ, ಮತ್ತೊಬ್ಬನ ಹೆಂಡತಿ ದೊಡ್ಡ ದನಿಯಲ್ಲಿ ನಗುತ್ತಾಳೆ. ಸ್ಟೇಶನ್ ಹತ್ತಿರದ ತಗಡಿನ ಶೆಡ್ಡಿನಲ್ಲಿದ್ದು ಮೆಣಸಿನಕಾಯಿ ತೊಟ್ಟು ಬಿಡಿಸುವ ಸಣ್ಣವ್ವ ಏಕನಾಥನ ಮನೆ ಕೇಳಲು ಬಂದಾಗಲಂತೂ ಮಲ್ಲಮ್ಮ ಬಾಯಿ ತುಂಬ ನಕ್ಕಿದ್ದಳು.

"ಆ ಮನಿ ಕಂಬ ನೋಡೀಯೇನು? ನಿನ್ನ ಶೆಡ್ಡಿನಕಿಂತ ದಪ್ಪ ಅದಾವ. ಹೋಗ, ಹೋಗ."

ಸಣ್ಣವ್ವ ಶೆಡ್ಡಿಗೆ ಮರಳಿದ್ದಳು. ಕಂಬ ಅಲ್ಲೇ ಇದ್ದವು, ಗೆದ್ದಲಿಗೆ ಬಾಡಿಗೆ ಕೊಟ್ಟಂತೆ.

ಇಂಥ ಮಲ್ಲಮ್ಮನಿಗೆ ಒಬ್ಬನೇ ಮಗ, ಹುಲಿಗೇಶ. ಬಸ್‌ಸ್ಟ್ಯಾಂಡಿನ ಎದುರು ಬೀಜ ಗೊಬ್ಬರದ ಅಂಗಡಿ ಇಟ್ಟಿದ್ದ. ಮಾತು ಕಡಿಮೆ, ಚಟ ಇಲ್ಲ, ಮೂವತ್ತು ದಾಟಿ ನಾಲ್ಕು ವರ್ಷವಾಗಿತ್ತು. ಗಂಡಿನಲ್ಲಿ ಖೋಡಿ ಇರಲಿಲ್ಲ, ಖೋಡಿ ಇದ್ದದ್ದು ಓಣಿಯಲ್ಲಿ. ನಮ್ಮ ಕಡೆ ಮಾತು ಕುದುರುವ ಮುಂಚೆ ಹೆಣ್ಣಿನವರು ಗಂಡಿನ ಮನೆ ನೋಡಲು ಬರುತ್ತಾರೆ. ಮನೆ ನೋಡುವುದು ಬರೀ ಹೆಸರಿಗೆ. ಅವರು ನೋಡುವುದು ಆಜೂಬಾಜೂ. ನೀರು ಕುಡಿಯುವ ನೆಪ ಮಾಡಿ ಪಕ್ಕದ ಮನೆಗೆ ಹೋಗಿ, ಅತ್ತೆಯ ಬಾಯಿ ಹೇಗೆ, ಮನೆಯಲ್ಲಿ ದನಿ ಏರುತ್ತದೆಯೋ ಹೇಗೆ ಎಂದು ಕೇಳುತ್ತಾರೆ. ಜಿನ್ನಿನ ಓಣಿಗೆ ಬಂದವರು ಕೇಳುವುದಾದರೂ ಯಾರನ್ನು? ಹಂದಿಯನ್ನೇ? ಮೊದಲು ಬಂದವರು ಚಹಾ ಕುಡಿದು ಹೋದವರು ಮರಳಿ ಫೋನು ಮಾಡಲಿಲ್ಲ. ಆಮೇಲೆ ಬಂದವರು ಓಣಿಯ ಬಾಯಲ್ಲೇ ಗಾಡಿ ತಿರುಗಿಸಿದರು. "ಕೂಗಿದ್ರ ಓ ಅನ್ನವ್ರಿಲ್ಲದ ಓಣ್ಯಾಗ ಹುಡುಗಿ ಹ್ಯಾಂಗ ಬಿಡೂಣು" ಎಂದು ಮಧ್ಯಸ್ಥನ ಮುಂದೆ ಹೇಳಿದರಂತೆ.

ಹುಲಿಗೇಶ ಹೈವೇ ಬದಿಯ ಪ್ಲಾಟಿನ ಮಾತೆತ್ತಿದ. ಮಲ್ಲಮ್ಮ ತಾಟು ಸರಿಸಿ ಎದ್ದಳು. ಓಡಿಹೋದವರ ಸಾಲಿನಲ್ಲಿ ತಾನೂ ಒಂದು ಡಬ್ಬಿ ಕಟ್ಟಿಕೊಂಡು ಕೂಡುವುದೇ? ಮಗ ಮತ್ತೆ ಆ ಮಾತು ಆಡಲಿಲ್ಲ. ಆದರೆ ಊಟ ಮಾಡುವಾಗ ತಲೆ ಎತ್ತುವುದನ್ನೂ ಬಿಟ್ಟ. ಅವನ ಬಾಗಿದ ತಲೆಯಲ್ಲಿ ಬೆಳ್ಳಗಿನ ಕೂದಲು ಕಂಡ ದಿನ ಮಲ್ಲಮ್ಮ ಅವನು ಕೇಳದೆಯೇ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು.

ಆಗಲೇ ಸಂಶಿಯ ಮಾಳಪ್ಪನ ಮಗಳು ಸುಮಂಗಲಾಳ ಮಾತು ಬಂತು. ಹುಡುಗಿ ಶಾಲೆಯಲ್ಲಿ ಕಲಿಸುತ್ತಾಳೆ, ಹುಲಿಗೇಶನ ಫೋಟೋ ನೋಡಿ ಹೂಂ ಎಂದಿದ್ದಾಳೆ, ಇನ್ನು ಹಿರಿಯರು ಬಂದು ಮನೆ ನೋಡುವುದೊಂದೇ ಬಾಕಿ. ಫೋಟೋ ನೋಡಿ ಹೂಂ ಅಂದಳು ಎಂದು ಹೇಳುವಾಗ ಹುಲಿಗೇಶ ತಲೆ ಎತ್ತಿದ್ದ. ಈ ಸಂಬಂಧ ತಪ್ಪಿದರೆ ಆ ತಲೆ ಮತ್ತೆ ಏಳುವುದಿಲ್ಲವೆಂದು ಮಲ್ಲಮ್ಮನಿಗೆ ತಿಳಿಯಿತು. ಆ ದಿನವೇ ಗೊಂಚಲಿನ ಕೀಲಿಕೈಗಳನ್ನು ಹರವಿಕೊಂಡು ಕುಳಿತಳು.

ಉಪಾಯ ಸರಳವಾಗಿತ್ತು. ಮುಂದಿನ ಗೋಡೆ ನೆಟ್ಟಗಿರುವ ಐದಾರು ಮನೆಗಳ ಬಾಗಿಲು ತೆಗೆಸುವುದು, ಕಟ್ಟೆ ತೊಳೆಸುವುದು, ಹೊಸ್ತಿಲಿಗೆ ರಂಗೋಲಿ ಹಾಕಿಸುವುದು, ಒಳಗೆ ಒಂದೊಂದು ಸಂಸಾರ ಕೂಡಿಸುವುದು. ಸಂಸಾರಗಳನ್ನು ಎಲ್ಲಿಂದ ತರಬೇಕು? ಯಾರನ್ನು ಮೇಲಿಂದ ಕೆಳಗೆ ನೋಡಿ ಕಳಿಸಿದ್ದಳೋ ಅವರ ಶೆಡ್ಡುಗಳಿಗೇ ಹೋದಳು. ನಾಚಿಕೆಪಟ್ಟುಕೊಂಡು ಹೋದಳೆಂದು ತಿಳಿಯಬೇಡಿ. ಒಂದು ದಿನದ ಕೂಲಿಗೆ ಆಳು ಹೇಳಿದಷ್ಟೇ ಸಲೀಸಾಗಿ ಹೇಳಿದಳು. ಒಂದೊಂದು ಸೀರೆ, ಹೋಳಿಗೆ ಊಟ. ಏಕನಾಥನ ಮನೆಗೆ, ಅದು ತನ್ನ ಗೋಡೆಗೆ ಹತ್ತಿದ ಮನೆಯಾದ್ದರಿಂದ, ನೆಟ್ಟಗೆ ಮಾತಾಡಬಲ್ಲವಳೇ ಬೇಕಿತ್ತು. ಶೆಡ್ಡಿನವರೆಲ್ಲ ಸಣ್ಣವ್ವನ ಕಡೆ ಕೈ ತೋರಿದರು.

"ಆ ಕಂಬದ ಮನೀಗೇನ್ರೀ?" ಎಂದು ಸಣ್ಣವ್ವ ಕೇಳಿದಳು.

"ಹೂಂ. ಒಂದಿನಕ್ಕ."

"ಆತು ಬರ್ರಿ ಅವ್ವಾರ."

ಭಾನುವಾರ ಬೆಳಿಗ್ಗೆ ಮಲ್ಲಮ್ಮ ಎಲ್ಲರನ್ನೂ ಅಂಗಳದಲ್ಲಿ ನಿಲ್ಲಿಸಿ ತಾಕೀತು ಮಾಡಿದಳು. "ಬೀಗರು ಬಂದಾಗ ಅಗದಿ ಸಮಾಧಾನದಿಂದ ಇರಬೇಕು. ನಕ್ಕೋಂತ ಕೈ ಮುಗೀಬೇಕು. ಯಾರೂ ದನಿ ಏರಸಬಾರದು, ಹುಡುಗರು ಅಳಬಾರದು, ಉಗುಳಬಾರದು. ನನ್ನ ಬಗ್ಗೆ ಕೇಳಿದ್ರ ಆಕಳಂಥಾಕಿ ಅನ್ರಿ." ಎಲ್ಲರಿಗೂ ಕಿವಿ ಮುರಿದ ಕಪ್ಪಿನಲ್ಲಿ ಚಹಾ ಕೊಟ್ಟಳು. ಒಳ್ಳೆಯ ಕಪ್ಪುಗಳನ್ನು ಬೀಗರಿಗೆ ತೆಗೆದಿಟ್ಟಿದ್ದಳು.

ಸಣ್ಣವ್ವ ಏಕನಾಥನ ಮನೆ ಹೊಕ್ಕಳು. ತೋರಿಕೆಗೆ ಮುಂದಿನ ಪಡಸಾಲೆ ಗುಡಿಸಿದ್ದರೆ ಸಾಕಾಗಿತ್ತು. ಆಕೆ ಅಡುಗೆಮನೆಯವರೆಗೂ ಹೋಗಿ, ಜೇಡರ ಬಲೆ ತೆಗೆದು, ಇಲಿ ಹಿಕ್ಕೆ ಗುಡಿಸಿ, ಮಸಿ ಹಿಡಿದ ಒಲೆ ತೊಳೆದು ಬೆಂಕಿ ಹಚ್ಚಿದಳು. ಯಾರದೋ ಮನೆ, ಒಂದು ದಿನದ ನಾಟಕ, ಆದರೂ ಸುಮ್ಮನೆ ಕೂಡುವ ಕೈ ಅವಳದಲ್ಲ.

ಮಧ್ಯಾಹ್ನದ ಹೊತ್ತಿಗೆ ಸಂಶಿಯಿಂದ ಕಾರು ಬಂತು. ಇಳಿದವರು ಹುಡುಗಿಯ ತಂದೆ ಮಾಳಪ್ಪ ಮತ್ತು ಅವನ ಅಕ್ಕ ತಾಯವ್ವ. ಮಾಳಪ್ಪ ಅಕ್ಕನ ಕಡೆ ನೋಡದೆ ಒಂದು ಹೆಜ್ಜೆ ಇಡುವವನಲ್ಲ ಎಂಬುದು ಇಳಿದ ಕೂಡಲೇ ಗೊತ್ತಾಗುತ್ತಿತ್ತು. ತಾಯವ್ವ ಕಾರನ್ನು ಓಣಿಯ ಬಾಯಲ್ಲೇ ಬಿಡಿಸಿ ನಡೆದುಕೊಂಡೇ ಬಂದಳು. ಎರಡೂ ಬದಿಯ ಕಟ್ಟೆಗಳ ಮೇಲೆ ಹೊಸ ಸೀರೆಯ ಹೆಂಗಸರು ನಕ್ಕರು. ಗಂಡಸರು ಎದ್ದು ನಿಂತು ಕೈ ಮುಗಿದರು. ಹುಡುಗರು ಸಾಲಾಗಿ ಕುಳಿತಿದ್ದರು, ಸದ್ದೇ ಇಲ್ಲ. ಮಾಳಪ್ಪನ ಮುಖ ಅರಳಿತು. ತಾಯವ್ವನ ಹುಬ್ಬು ಕೂಡಿತು.

ಉಪ್ಪಿಟ್ಟು, ಚಹಾ ಬಂತು. ತಾಯವ್ವ ಕಪ್ಪು ಕೆಳಗಿಟ್ಟಳು.

"ನಳಾ ಎಷ್ಟ ದಿನಕ್ಕೊಮ್ಮಿ ಬರತೈತ್ರೀ ಇಲ್ಲಿ?"

"ವಾರಕ್ಕೊಮ್ಮಿ ಬರತೈತ್ರೀ."

"ಮತ್ತ ಕೊಡದ ಪಾಳೇಕ ಜಗಳ ಆಗತಾವಲ್ಲರೀ?"

"ಛೆ ಛೆ. ನಮ್ಮ ಓಣ್ಯಾಗ ಜಗಳಾ ಅನ್ನೂದ ಇಲ್ಲರಿ."

"ಗಟಾರದ್ದು?"

"ಇಲ್ಲರಿ."

"ಕಸದ್ದು? ಹುಡುಗರದು?"

"ಒಂದೂ ಇಲ್ಲರಿ. ಎಲ್ಲಾರೂ ಒಂದ ತಾಯಿ ಮಕ್ಕಳಂಗ."

ತಾಯವ್ವ ಸೆರಗು ಸರಿಮಾಡಿಕೊಂಡು ಎದ್ದಳು. "ಮಾಳಪ್ಪ, ಏಳ. ಹೋಗೂಣು."

ಮಾಳಪ್ಪ ಬಾಯಲ್ಲಿದ್ದ ಉಪ್ಪಿಟ್ಟು ನುಂಗಲೂ ಆಗದೆ ಎದ್ದ. ಹುಲಿಗೇಶ ಗೋಡೆಗೆ ಒರಗಿ ನೆಲ ನೋಡಿದ. ಮಲ್ಲಮ್ಮ "ಏನಾತ್ರೀ ಬೀಗತಿ?" ಎನ್ನುತ್ತಿದ್ದಂತೆ ತಾಯವ್ವ ಹೊಸ್ತಿಲಲ್ಲಿ ನಿಂತು ತಿರುಗಿದಳು. "ವಾರಕ್ಕೊಮ್ಮಿ ನಳಾ ಬರೂ ಓಣ್ಯಾಗ ಕೊಡದ ಜಗಳಿಲ್ಲ ಅಂದ್ರ ಅಲ್ಲಿ ನೀರ ತುಂಬವ್ರ ಇಲ್ಲ ಅಂತ ಅರ್ಥರಿ. ನಾವೂ ಓಣ್ಯಾಗ ಬಾಳ್ವೆ ಮಾಡೇವಿ. ಇವ್ರನ್ನೆಲ್ಲ ಎಲ್ಲಿಂದ ತಂದ್ರಿ?"

ಅದೇ ಹೊತ್ತಿಗೆ ಸರಿಯಾಗಿ ಪಕ್ಕದ ಮನೆಯ ಬಚ್ಚಲಿನಿಂದ ಕರೀ ನೀರು ಬಂತು. ಸಣ್ಣವ್ವ ಒಲೆ, ಪಾತ್ರೆ, ನೆಲ ಎಲ್ಲ ತೊಳೆದು ಸುರಿದಿದ್ದಳು, ವರ್ಷಗಟ್ಟಲೆ ನೀರು ಕಾಣದ ಗಟಾರ ಕಟ್ಟಿಕೊಂಡಿತ್ತು. ಮಸಿ ನೀರು ನೇರವಾಗಿ ಮಲ್ಲಮ್ಮನ ಅಂಗಳಕ್ಕೆ ನುಗ್ಗಿ, ಬೆಳಗಿನಿಂದ ಕುಳಿತು ಹಾಕಿದ ರಂಗೋಲಿಯನ್ನು ಬಳಿದುಕೊಂಡು, ಬೀಗರ ಚಪ್ಪಲಿಗಳ ಕೆಳಗೆ ಹರಿಯಿತು.

ಮಲ್ಲಮ್ಮ ನಾಟಕ ಮರೆತಳು, ಬೀಗರನ್ನು ಮರೆತಳು, ಮಗನನ್ನೂ ಮರೆತಳು.

"ಏ ಸಣ್ಣಿ! ಕಣ್ಣ ಏನ ಮೆಣಸಿನಕಾಯಾಗ ಇಟ್ಟ ಬಂದೀಯೇನ? ಶೆಡ್ಡಿನ್ಯಾಗ ಬಿದ್ದಾಕೀನ ತಂದು ಕಂಬದ ಮನ್ಯಾಗ ಕೂಡಿಸಿದ್ರ ಇಷ್ಟ ಆಗೂದು!"

ಸಣ್ಣವ್ವ ಸೀರೆ ಎತ್ತಿಕಟ್ಟಿಕೊಂಡು ಹೊರಗೆ ಬಂದಳು. ಕೈಯಲ್ಲಿ ಕಸಬರಿಗೆ ಇತ್ತು. ಬೆಳಿಗ್ಗೆಯಿಂದ 'ಅವ್ವಾರ' ಎನ್ನುತ್ತಿದ್ದವಳು ಆ ಶಬ್ದವನ್ನು ಒಳಗೇ ಬಿಟ್ಟು ಬಂದಿದ್ದಳು.

"ಏನಬೇ ಮಲ್ಲವ್ವ? ಗಟಾರ ಕಟ್ಟಿದ್ದು ನನ್ನ ತಪ್ಪೇನ? ಇಪ್ಪತ್ತ ವರ್ಷಾತು ಕೀಲಿ ಜಗ್ಗಿ ಜಗ್ಗಿ ತಿರಗತಿ, ಒಂದಿನರೆ ಗಟಾರಕ್ಕ ಸಲಿಕಿ ಹಾಕೀಯೇನ?"

"ಬಾಯಿ ಮುಚ್ಚ!"

"ನೀ ಮುಚ್ಚಬೇ. ಏಕನಾಥಪ್ಪ ಈ ಮನಿ ಕೊಡು ಅಂದ್ರೂ ಕೊಡಲಿಲ್ಲ ನೀ. ಗೆದ್ದಲ ತಿಂದ್ರೂ ಚಲೋ, ಸಣ್ಣವ್ವ ಇರಬಾರದು! ಕಂಬಾ ದಪ್ಪ ಅದಾವಂತ ಹೇಳಿದ್ದಿಯಲ್ಲ, ಬಂದ ನೋಡ, ಒಳಗ ಪೊಳ್ಳ ಆಗ್ಯಾವ. ಜಿನ್ನ ನಿಂತದ್ದಕ್ಕ ಓಣಿ ಖಾಲಿ ಆತಂತ ಮಾಡೀಯೇನ? ಅರ್ಧಾ ಮಂದಿ ನಿನ್ನ ಬಾಯಿಗೆ ಅಂಜಿ ಹೋಗ್ಯಾರ. ಉಳದ ಅರ್ಧಾ ಮಂದೀನ ನೀ ಬರಗೊಡಲಿಲ್ಲ."

ಕಟ್ಟೆಗಳ ಮೇಲಿನ ಹೊಸ ಸೀರೆಯವರು ನಗುವುದನ್ನು ಬಿಟ್ಟರು. ಎದುರುಮನೆಯ ಹೆಂಗಸು ಮೂರು ಸಲ ತಿರುಗಿ ನೋಡಿದ್ದು ಮಲ್ಲಮ್ಮನಿಗೆ ಯಾಕೋ ಈಗ ನೆನಪಾಯಿತು. ಆ ನೆನಪಿನ ಮೇಲೂ ಸಿಟ್ಟು ಬಂತು.

ತಾಯವ್ವ ಚಪ್ಪಲಿ ಹಾಕಿಕೊಳ್ಳುತ್ತಿದ್ದವಳು ಬಿಟ್ಟಳು. ಒದ್ದೆ ಕಾಲಲ್ಲೇ ಒಳಗೆ ಬಂದು ಮತ್ತೆ ಜಮಖಾನದ ಮೇಲೆ ಕುಳಿತಳು.

"ಬೀಗತಿ, ಕೇಳ್ರಿ. ಹುಡುಗ ಚಲೋ ಅದಾನ. ನಮ್ಮ ಹುಡುಗೀಗೂ ಮನಸ್ಸೈತಿ. ಓಣಿ ಪೂರಾ ಸುಳ್ಳ, ಅದೂ ಕಂಡ್ವಿ. ಆದ್ರ ಈ ಕಸಬರಿಗಿ ಹಿಡದಾಕಿ ಖರೆ ಅದಾಳ. ನಿಮ್ಮ ಬಾಯಿ ಎಂಥಾದ್ದಂತ ಈಗ ಕೇಳೀವಲ್ಲ, ಅದಕ್ಕ ನಮ್ಮ ಹುಡುಗಿ ಒಬ್ಬಾಕಿನ ಸಿಗಬಾರದು. ತಿರುಗಿ ಮಾತಾಡೂ ಒಂದ ಜೀವ ಬಾಜೂಕ ಇರಬೇಕು. ಇಕಿ ಆ ಮನ್ಯಾಗ ಇದ್ರ ಹುಡುಗಿ ಕೊಡತೀವಿ. ಇಲ್ಲಂದ್ರ ಇಲ್ಲ."

ಮಾಳಪ್ಪ ಅಕ್ಕನ ಕಡೆ ನೋಡಿ ತಲೆಯಾಡಿಸಿದ. ಹುಲಿಗೇಶ ಗೋಡೆ ಬಿಟ್ಟು ನೆಟ್ಟಗೆ ನಿಂತು, ಬಹಳ ದಿನದ ಮೇಲೆ, ತಾಯಿಯ ಮುಖವನ್ನೇ ನೋಡಿದ.

ಬೀಗರು ಹೋದರು. ಶೆಡ್ಡಿನವರು ಹೋಳಿಗೆ ಉಂಡು, ಬಾಗಿಲು ಮುಚ್ಚಿ, ಕೀಲಿಕೈಗಳನ್ನು ಕಟ್ಟೆಯ ಮೇಲೆ ಇಟ್ಟು ಹೋದರು. ಕಡೆಗೆ ಸಣ್ಣವ್ವ ಬಂದಳು. ಸಿಟ್ಟು ಇಳಿದಿತ್ತು, ಮುಖದಲ್ಲಿ ಮಸಿ ಇತ್ತು. ಏಕನಾಥನ ಮನೆಯ ಉದ್ದನೆಯ ಕೀಲಿಕೈಯನ್ನು ಮುಂದೆ ಹಿಡಿದಳು.

"ತಗೋರಿ ಅವ್ವಾರ. ಒಲಿ ಆರಿಸೇನಿ."

ಮಲ್ಲಮ್ಮ ಕಟ್ಟೆಯ ಮೇಲೆ ನಿಂತಿದ್ದಳು. ಇದೇ ಜಾಗದಲ್ಲಿ ನಿಂತು, ಇದೇ ಕೈ ಚಾಚಿ ಓಣಿಯ ಕೀಲಿಕೈಗಳನ್ನೆಲ್ಲ ತೆಗೆದುಕೊಂಡಿದ್ದಳು. ಈಗ ಕೈ ಏಳಲಿಲ್ಲ.

"ಬೀಗತಿ ಹೇಳಿದ್ದ ಕೇಳಿಲ್ಲೇನ ನೀ?"

"ಕೇಳೇನ್ರೀ. ಈ ಸತ್ತ ಓಣ್ಯಾಗ ಯಾರ ಇರತಾರ್ರೀ ಅವ್ವಾರ? ಕೂಗಿದ್ರ ಓ ಅನ್ನವ್ರಿಲ್ಲ. ನಮ್ಮ ಶೆಡ್ಡ ಚಲೋ ಐತ್ರಿ, ಅಲ್ಲಿ ಮಂದಿ ಅದಾರ."

ತಗಡಿನ ಶೆಡ್ಡಿನವಳು ಜಿನ್ನಿನ ಓಣಿಯನ್ನು ಬೇಡವೆನ್ನುತ್ತಿದ್ದಳು. ಅದೂ ರೀ ಹಚ್ಚಿ, ನಯವಾಗಿ. ಮಧ್ಯಾಹ್ನದ ಬೈಗುಳಕ್ಕಿಂತ ಇದು ಹೆಚ್ಚು ಚುಚ್ಚಿತು. ಒಳಗೆ ಹುಲಿಗೇಶ ಚಹಾದ ಕಪ್ಪು ಬಸಿ ತೊಳೆಯುವ ಸದ್ದು ಕೇಳುತ್ತಿತ್ತು. ಮಲ್ಲಮ್ಮ ಕಟ್ಟೆಯಿಂದ ಕೆಳಗಿಳಿದಳು. ಇಳಿದರೂ ಕಣ್ಣು ಮಾತ್ರ ಕೂಡಿಸಲಿಲ್ಲ.

"ಇರಬೇ."

"ಏನಂದ್ರಿ?"

"ಇರು ಅಂದೆ! ಕಿವ್ಯಾಗೇನ ಅರಳಿ ತುರುಕ್ಕೊಂಡೀಯೇನ?"

ಸಣ್ಣವ್ವ ಕೀಲಿಕೈಯನ್ನು ಸೆರಗಿನ ತುದಿಗೆ ಕಟ್ಟಿಕೊಂಡು, ಹೂಂ ಎನ್ನದೆ, ಊಹೂಂ ಎನ್ನದೆ ಸ್ಟೇಶನ್ ಕಡೆ ನಡೆದಳು.

ಮರುದಿನ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ಸಂಜೆ ಮಲ್ಲಮ್ಮ ಬೀಗ ಜಗ್ಗಲು ಹೋಗದೆ ಕಟ್ಟೆಯ ಮೇಲೇ ಕುಳಿತಳು. ಹುಲಿಗೇಶ ಊಟಕ್ಕೆ ಕುಳಿತಾಗ ತಲೆ ಬಗ್ಗಿಸಿದ, ಆಕೆಯೂ ಬಗ್ಗಿಸಿದಳು. ಆಮೇಲೆ ಒಂದು ದಿನ ಅವನಿಗೆ ಗೊತ್ತಾಗದಂತೆ ಸಲಿಕೆ ತೆಗೆದುಕೊಂಡು ಹೋಗಿ ಏಕನಾಥನ ಮನೆ ಮುಂದಿನ ಗಟಾರ ತೆಗೆದಳು. ಅರ್ಧ ತೆಗೆಯುವಷ್ಟರಲ್ಲಿ ಸೊಂಟ ಹಿಡಿಯಿತು, ಏಕನಾಥನನ್ನೂ ಸಣ್ಣವ್ವನನ್ನೂ ಸೇರಿಸಿ ಬೈದು ಒಳಗೆ ಹೋದಳು.

ಅಮವಾಸ್ಯೆ ಕಳೆದ ಮೇಲೆ ಒಂದು ಮುಂಜಾನೆ ಮಲ್ಲಮ್ಮ ಅಂಗಳಕ್ಕೆ ನೀರು ಹೊಡೆದು, ರಂಗೋಲಿ ಎಳೆದು, ಸೊಂಟ ಹಿಡಿದುಕೊಂಡು ಏಳುತ್ತಿದ್ದಳು. ಕಾಲಿಗೆ ತಣ್ಣಗೆ ಏನೋ ತಾಗಿತು. ಪಕ್ಕದ ಮನೆಯ ಗಟಾರದಿಂದ, ಆಕೆ ಅರ್ಧಕ್ಕೆ ಬಿಟ್ಟ ಕಡೆಯಿಂದಲೇ ತಿರುಗಿಕೊಂಡು, ಮಸಿ ನೀರು ಬಂದು ರಂಗೋಲಿಯನ್ನು ಬಳಿಯುತ್ತಿತ್ತು. ಗೋಡೆಯಾಚೆ ಪಾತ್ರೆ ತಿಕ್ಕುವ ಸದ್ದು. ಬೆಳಕಿಂಡಿಯಿಂದ ಹೊಗೆ.

ಮಲ್ಲಮ್ಮ ಅಲ್ಲೇ ನಿಂತು ಆ ನೀರು ಹರಿದು ಮುಗಿಯುವವರೆಗೆ ನೋಡಿದಳು. ಕಣ್ಣು ತುಂಬಿದ್ದನ್ನು ಯಾರೂ ನೋಡದಿದ್ದರೂ ಸೆರಗಿನಿಂದ ಗಸಗಸ ಒರೆಸಿಕೊಂಡಳು. ಆಮೇಲೆ ಆ ಸೆರಗನ್ನೇ ಸೊಂಟಕ್ಕೆ ಬಿಗಿದು, ಓಣಿಯ ಎರಡೂ ತುದಿಗೆ ಕೇಳುವಂತೆ ಬಾಯಿ ತೆಗೆದಳು.

"ಏ ಸಣ್ಣಿ!"

"ಏನಬೇ?" ಎಂದಿತು ಪಕ್ಕದ ಮನೆ.